ಸಂವಿಧಾನದ ಮೂಲರಚನೆ ಮತ್ತು ಎಡನೀರು ಮಠದ ಅರ್ಜಿ

ಆಳುವವನ ಇಚ್ಛೆಯೇ ಶಾಸನವೆನಿಸಿದ್ದ ಕಾಲ ಬಹು ದೀರ್ಘವಾದುದು. ಅರಸನು ಧರ್ಮಕ್ಕೆ ಅಧೀನನೆಂದು ಧರ್ಮಶಾಸ್ತ್ರಗಳು ಸಾರಿದವು, ನಿಜ. ಆದರೆ ಆ ಧರ್ಮವನ್ನು ಅರಸನೇ ಮೀರಿದಾಗ ಅವನನ್ನು ಕಟಕಟೆಗೆ ಕರೆದು ಕೇಳುವ ಪೀಠವೊಂದು ಇರಲಿಲ್ಲ. ಪಾಪಭೀತಿ, ಲೋಕಾಪವಾದ, ಕೊನೆಗೆ ಪ್ರಜೆಗಳ ದಂಗೆ, ಇವೇ ಅವನಿಗಿದ್ದ ಅಂಕುಶಗಳು. ಆಳುವವನಿಗೂ ಮಿಗಿಲಾದ ಕಟ್ಟಳೆಯೊಂದಿರಬೇಕು, ಅದನ್ನು ಅವನು ಮೀರಿದನೋ ಇಲ್ಲವೋ ಎಂಬುದನ್ನು ಅವನ ಆಜ್ಞೆಗೆ ಒಳಪಡದ ಇನ್ನೊಬ್ಬರು ನಿರ್ಣಯಿಸಬೇಕು ಎಂಬ ವಿಚಾರವು ಮಾನವಕುಲಕ್ಕೆ ಸುಲಭವಾಗಿ ದೊರೆತುದಲ್ಲ. ಸಂವಿಧಾನಬದ್ಧ ಸರ್ಕಾರವೆಂಬುದರ ಸಾರವು ಈ ವಿಚಾರದಲ್ಲಿಯೇ ಇದೆ.

ಆದರೆ ಇಲ್ಲಿ ಒಂದು ತೊಡಕು ಉಂಟು. ಕಾಲ ಬದಲಾದಂತೆ ಕಟ್ಟಳೆಯೂ ಬದಲಾಗಬೇಕಾಗುತ್ತದೆ; ಬದಲಾಯಿಸುವ ಅಧಿಕಾರವನ್ನು ಯಾರಿಗಾದರೂ ಕೊಡಲೇಬೇಕು. ಆ ಅಧಿಕಾರವು ಆಳುವವರ ಕೈಗೇ ಬಂದಾಗ, ತಮ್ಮನ್ನು ಕಟ್ಟಿಹಾಕಿದ ಹಗ್ಗವನ್ನು ಅವರೇ ಬಿಚ್ಚಿಕೊಳ್ಳಬಹುದಲ್ಲವೆ? ತಿದ್ದುವ ಅಧಿಕಾರದಲ್ಲಿ ಅಳಿಸುವ ಅಧಿಕಾರವೂ ಅಡಕವಾಗಿದೆಯೆ? ಈ ಪ್ರಶ್ನೆಗೆ ಭಾರತದ ಸರ್ವೋಚ್ಚ ನ್ಯಾಯಾಲಯವು 1973ರ ಏಪ್ರಿಲ್ 24ರಂದು ಉತ್ತರ ನೀಡಿತು. ಆ ಉತ್ತರಕ್ಕೆ ನಿಮಿತ್ತವಾದುದು ಕಾಸರಗೋಡಿನ ಕನ್ನಡ ನೆಲದ ಒಂದು ಮಠದ ಅರ್ಜಿ ಎಂಬುದು ಕನ್ನಡಿಗರೆಲ್ಲರೂ ತಿಳಿದಿರಬೇಕಾದ ಸಂಗತಿ.

ಈ ವ್ಯಾಜ್ಯದ ಮಹತ್ತ್ವವನ್ನು ಅರಿಯಲು ಕೆಲವು ಮೂಲ ಕಲ್ಪನೆಗಳ ಪರಿಚಯ ಅವಶ್ಯ. ಇಂಗ್ಲೆಂಡಿನಲ್ಲಿ 1215ರ ಮ್ಯಾಗ್ನಾ ಕಾರ್ಟಾ ಸನದು ಅರಸನ ಅಧಿಕಾರಕ್ಕೆ ಮೊದಲ ಬೇಲಿ ಹಾಕಿತು. 1689ರ ಹಕ್ಕುಗಳ ಮಸೂದೆಯು ಆ ಬೇಲಿಯನ್ನು ಬಲಪಡಿಸಿತು. ಆದರೆ ಅಲ್ಲಿ ಅರಸನಿಂದ ಕಿತ್ತ ಪರಮಾಧಿಕಾರವು ಪಾರ್ಲಿಮೆಂಟಿಗೆ ಹೋಯಿತು. ಪಾರ್ಲಿಮೆಂಟು ಮಾಡಿದ ಶಾಸನವನ್ನು ರದ್ದುಗೊಳಿಸುವ ಅಧಿಕಾರ ಆ ದೇಶದ ಯಾವ ನ್ಯಾಯಾಲಯಕ್ಕೂ ಇಲ್ಲ. ಅಮೆರಿಕೆಯ ಸಂಯುಕ್ತ ಸಂಸ್ಥಾನವು 1787ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಲಿಖಿತ ಸಂವಿಧಾನವೇ ಸರ್ವೋಚ್ಚ ವಿಧಿ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಮೂರೂ ಅದರ ಶಿಶುಗಳು. ಸಂವಿಧಾನಕ್ಕೆ ವಿರುದ್ಧವಾದ ಶಾಸನವು ಶಾಸನವೇ ಅಲ್ಲವೆಂದು ಅಲ್ಲಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1803ರಲ್ಲಿ ತೀರ್ಪಿತ್ತರು. ನ್ಯಾಯಿಕ ವಿಮರ್ಶೆಯೆಂದು ಕರೆಯಲಾಗುವ ಅಧಿಕಾರ ಹೀಗೆ ಬೆಳೆದುಬಂದಿತು.

ಭಾರತದ ಸಂವಿಧಾನ ಈ ಎರಡು ಪರಂಪರೆಗಳಿಂದಲೂ ಪ್ರಯೋಜನ ಪಡೆದುದು. 1949ರ ನವೆಂಬರ್ 26ರಂದು ಅಂಗೀಕೃತವಾಗಿ 1950ರ ಜನವರಿ 26ರಂದು ಜಾರಿಗೆ ಬಂದ ಈ ಸಂವಿಧಾನವು ಇಂಗ್ಲೆಂಡಿನ ಮಾದರಿಯ ಸಂಸದೀಯ ಸರ್ಕಾರವನ್ನು ಸ್ವೀಕರಿಸಿತು. ಅಮೆರಿಕೆಯ ಮಾದರಿಯಲ್ಲಿ ಮೂಲಭೂತ ಹಕ್ಕುಗಳನ್ನು ಬರೆದಿಟ್ಟಿತು. ಆ ಹಕ್ಕುಗಳನ್ನು ಮೊಟಕುಗೊಳಿಸುವ ಯಾವ ಶಾಸನವನ್ನೂ ರಾಜ್ಯವು ಮಾಡಕೂಡದೆಂದು 13ನೆಯ ಅನುಚ್ಛೇದ ಹೇಳಿತು. ಇನ್ನೊಂದೆಡೆ 368ನೆಯ ಅನುಚ್ಛೇದವು ಸಂವಿಧಾನವನ್ನು ತಿದ್ದುವ ವಿಧಾನವನ್ನು ಗೊತ್ತುಪಡಿಸಿತು. ಸಂಸತ್ತಿನ ಪ್ರತಿಯೊಂದು ಸದನದಲ್ಲಿಯೂ ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ನೀಡಿದವರ ಮೂರರಲ್ಲಿ ಎರಡು ಪಾಲು, ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ, ಇವು ಆ ವಿಧಾನದ ನಿಬಂಧನೆಗಳು. ಇಷ್ಟನ್ನು ಪೂರೈಸಿದರೆ ಮೂಲಭೂತ ಹಕ್ಕುಗಳನ್ನೂ ತಿದ್ದಬಹುದೆ? ತಿದ್ದುಪಡಿಯೂ 13ನೆಯ ಅನುಚ್ಛೇದದ ಅರ್ಥದಲ್ಲಿ ಒಂದು ಶಾಸನವೆ? ಈ ಎರಡು ಅನುಚ್ಛೇದಗಳ ನಡುವಣ ತಿಕ್ಕಾಟವೇ ಮುಂದಿನ ಇಪ್ಪತ್ತಮೂರು ವರ್ಷಗಳ ವಾದಕ್ಕೆ ಬೀಜವಾಯಿತು.

ತಿಕ್ಕಾಟದ ಹಿಂದೆ ಭೂಮಿಯ ಪ್ರಶ್ನೆಯಿತ್ತು. ಜಮೀನ್ದಾರಿಯನ್ನು ಅಳಿಸಿ ಉಳುವವನಿಗೆ ನೆಲವನ್ನು ಕೊಡುವುದು ಸ್ವತಂತ್ರ ಭಾರತದ ಸಂಕಲ್ಪವಾಗಿತ್ತು. ಆಸ್ತಿಯ ಹಕ್ಕು ಆಗ ಮೂಲಭೂತ ಹಕ್ಕುಗಳಲ್ಲಿ ಒಂದಾಗಿದ್ದುದರಿಂದ ಭೂಮಾಲಿಕರು ನ್ಯಾಯಾಲಯಗಳ ಮೊರೆಹೊಕ್ಕರು. 1951ರ ಮೊದಲನೆಯ ತಿದ್ದುಪಡಿಯು ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಿ, ಅದರಲ್ಲಿ ಸೇರಿದ ಶಾಸನಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಪ್ರಶ್ನಿಸಲಾಗದಂತೆ ರಕ್ಷಿಸಿತು. ಅದೇ ವರ್ಷ ಶಂಕರೀಪ್ರಸಾದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತಿದ್ದುಪಡಿಯನ್ನು ಒಮ್ಮತದಿಂದ ಎತ್ತಿಹಿಡಿಯಿತು. 1965ರ ಸಜ್ಜನಸಿಂಗರ ಮೊಕದ್ದಮೆಯಲ್ಲಿಯೂ ಬಹುಮತದ ನಿಲುವು ಅದೇ ಆಯಿತು. ಆದರೆ ನ್ಯಾಯಮೂರ್ತಿಗಳಾದ ಹಿದಾಯತುಲ್ಲಾ ಮತ್ತು ಮುಧೋಳ್ಕರ್ ಸಂದೇಹವನ್ನು ವ್ಯಕ್ತಪಡಿಸಿದರು. ಸಂವಿಧಾನದ ಮೂಲ ಲಕ್ಷಣವೊಂದನ್ನು ಬದಲಿಸುವುದು ತಿದ್ದುಪಡಿಯೋ ಅಥವಾ ಸಂವಿಧಾನದ ಒಂದು ಭಾಗವನ್ನೇ ಹೊಸದಾಗಿ ಬರೆಯುವುದೋ ಎಂದು ಮುಧೋಳ್ಕರರು ಎತ್ತಿದ ಪ್ರಶ್ನೆಯು ಆ ಹೊತ್ತಿಗೆ ಉತ್ತರವಿಲ್ಲದೆ ಉಳಿಯಿತು. 1967ರಲ್ಲಿ ಗೋಲಕನಾಥರ ಮೊಕದ್ದಮೆಯಲ್ಲಿ ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠವು ಆರಕ್ಕೆ ಐದರ ಬಹುಮತದಿಂದ ಹಿಂದಿನ ನಿಲುವನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾಯರ ನೇತೃತ್ವದ ಬಹುಮತದ ಪ್ರಕಾರ ಸಂಸತ್ತು ಇನ್ನು ಮುಂದೆ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವಂತಿರಲಿಲ್ಲ.

ಸರ್ಕಾರಕ್ಕೂ ನ್ಯಾಯಾಲಯಕ್ಕೂ ನಡುವೆ ವಿರಸ ಬೆಳೆಯತೊಡಗಿತು. 1970ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಶಾಸನವನ್ನೂ, ಮಾಜಿ ಅರಸರ ರಾಜಧನವನ್ನು ನಿಲ್ಲಿಸಿದ ಆಜ್ಞೆಯನ್ನೂ ನ್ಯಾಯಾಲಯವು ಅಸಿಂಧುಗೊಳಿಸಿತು. 1971ರ ಚುನಾವಣೆಯಲ್ಲಿ ಭಾರಿ ಬಹುಮತ ಗಳಿಸಿದ ಇಂದಿರಾ ಗಾಂಧಿಯವರ ಸರ್ಕಾರವು ಇಪ್ಪತ್ತನಾಲ್ಕನೆಯ ತಿದ್ದುಪಡಿಯ ಮೂಲಕ ಸಂವಿಧಾನದ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರವನ್ನು ಸಂಸತ್ತಿಗೆ ಮರಳಿಸಿತು. ಇಪ್ಪತ್ತೈದನೆಯ ತಿದ್ದುಪಡಿಯು ಸಂಪತ್ತಿನ ಹಂಚಿಕೆಯನ್ನು ಕುರಿತ ಕೆಲವು ನಿರ್ದೇಶಕ ತತ್ತ್ವಗಳಿಗಾಗಿ ಮಾಡಿದ ಶಾಸನವೆಂದು ಘೋಷಿಸಿದ ಮಾತ್ರಕ್ಕೆ ಆ ಶಾಸನವನ್ನು ನ್ಯಾಯಾಲಯವು ಪ್ರಶ್ನಿಸದಂತೆ ಮಾಡಿತು.

ಈ ಹೊತ್ತಿಗೆ ಕಾಸರಗೋಡಿನ ಮಠವೊಂದರ ಅರ್ಜಿಯು ದೆಹಲಿಯನ್ನು ತಲುಪಿತ್ತು. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕು 1956ರ ನವೆಂಬರ್ 1ರಂದು ಕೇರಳ ರಾಜ್ಯದಲ್ಲಿ ವಿಲೀನವಾಯಿತು. ಅಲ್ಲಿಯ ಎಡನೀರು ಮಠವು ಶಂಕರಾಚಾರ್ಯರ ಶಿಷ್ಯರಾದ ತೋಟಕಾಚಾರ್ಯರ ಪರಂಪರೆಗೆ ಸೇರಿದುದು. 1940ರಲ್ಲಿ ಜನಿಸಿದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1960ರಲ್ಲಿ ಅದರ ಪೀಠವನ್ನೇರಿದರು. ಮಠದ ನಿತ್ಯಪೂಜೆ, ದಾಸೋಹ, ವಿದ್ಯಾದಾನಗಳಿಗೆ ಭೂಮಿಯ ಉತ್ಪನ್ನವೇ ಆಧಾರ. ಕೇರಳದ 1963ರ ಭೂಸುಧಾರಣಾ ಶಾಸನವನ್ನು 1969ರಲ್ಲಿ ತಿದ್ದಿದ ಮೇಲೆ, 1970ರ ಜನವರಿ 1ರಿಂದ ಗೇಣಿಪದ್ಧತಿಯೇ ಅಳಿದು, ಗೇಣಿದಾರರು ಭೂಮಿಗೆ ಒಡೆಯರಾಗುವ ವ್ಯವಸ್ಥೆ ಜಾರಿಗೆ ಬಂದಿತು. 1970ರ ಮಾರ್ಚ್ 21ರಂದು, ಇನ್ನೂ ಮೂವತ್ತು ತುಂಬದ ಸ್ವಾಮಿಗಳ ಹೆಸರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಕೆಯಾಯಿತು. ಆಸ್ತಿಯ ಹಕ್ಕು, ಸಮಾನತೆ, ಧಾರ್ಮಿಕ ಸ್ವಾತಂತ್ರ್ಯ, ಧಾರ್ಮಿಕ ಸಂಸ್ಥೆಗಳು ತಮ್ಮ ವ್ಯವಹಾರವನ್ನು ತಾವೇ ನಡೆಸುವ ಹಕ್ಕು, ಇವೇ ಅರ್ಜಿಯ ಆಧಾರಗಳು.

ಈ ಅರ್ಜಿಯನ್ನು ಮಠ ಮತ್ತು ಸರ್ಕಾರಗಳ ನಡುವಣ ಕಲಹವೆಂದಷ್ಟೇ ಕಾಣುವುದು ಸರಿಯಾಗದು. ಎದುರಿಗಿದ್ದವನು ತಲೆತಲಾಂತರದಿಂದ ಬೆವರು ಸುರಿಸಿಯೂ ನೆಲದ ಮೇಲೆ ಹಕ್ಕಿಲ್ಲದೆ ಬಾಳಿದ ಗೇಣಿದಾರ. ಅವನ ಪಾಲಿಗೆ 1970ರ ಜನವರಿ 1 ಬಿಡುಗಡೆಯ ದಿನ. ಮಠದ ಕಷ್ಟವೂ ನಿಜ, ಒಕ್ಕಲಿನ ಹಸಿವೂ ನಿಜ. ಆದುದರಿಂದಲೇ ಈ ಮೊಕದ್ದಮೆಯ ಮುಂದಿನ ಗತಿಯು ವಿಚಾರಯೋಗ್ಯವಾಗಿದೆ.

ಅರ್ಜಿಯು ವಿಚಾರಣೆಗೆ ಕಾದಿದ್ದಾಗ, 1972ರ ಇಪ್ಪತ್ತೊಂಬತ್ತನೆಯ ತಿದ್ದುಪಡಿಯು ಕೇರಳದ ತಿದ್ದುಪಡಿ ಶಾಸನಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಇದರಿಂದ ಮಠದ ಭೂಮಿಯ ಪ್ರಶ್ನೆಯು ಸಂಸತ್ತಿನ ತಿದ್ದುಪಡಿ ಅಧಿಕಾರದ ಪ್ರಶ್ನೆಯಾಗಿ ಮಾರ್ಪಟ್ಟಿತು. ಗೋಲಕನಾಥ ತೀರ್ಪನ್ನು ಪರಿಶೀಲಿಸಲು ಅದಕ್ಕಿಂತ ದೊಡ್ಡ ಪೀಠ ಬೇಕಾದುದರಿಂದ ಮುಖ್ಯ ನ್ಯಾಯಮೂರ್ತಿ ಎಸ್. ಎಂ. ಸಿಕ್ರಿಯವರು ಹದಿಮೂರು ಮಂದಿಯ ಪೀಠವನ್ನು ರಚಿಸಿದರು. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ 68 ದಿನಗಳ ಕಾಲ ವಾದ ನಡೆಯಿತು. ಅರ್ಜಿದಾರರ ಪರವಾಗಿ ನಾನಿ ಪಾಲ್ಖೀವಾಲಾ, ಕೇರಳದ ಪರವಾಗಿ ಎಚ್. ಎಂ. ಸೀರ್ವಾಯ್, ಕೇಂದ್ರದ ಪರವಾಗಿ ಅಟಾರ್ನಿ ಜನರಲ್ ನಿರೇನ್ ಡೇ ವಾದಿಸಿದರು.

ಸರ್ಕಾರದ ಪಕ್ಷವು ದುರ್ಬಲವಾಗಿರಲಿಲ್ಲ. ಸಂವಿಧಾನವು ಜನರದು, ಸಂಸತ್ತು ಜನರ ಪ್ರತಿನಿಧಿ, ಒಂದು ತಲೆಮಾರು ಮುಂದಿನ ತಲೆಮಾರುಗಳ ಕೈಕಟ್ಟಲು ಯಾವ ಅಧಿಕಾರವನ್ನು ಪಡೆದಿದೆ? 368ನೆಯ ಅನುಚ್ಛೇದದಲ್ಲಿ ಬರೆಯದಿರುವ ಮಿತಿಯನ್ನು ನ್ಯಾಯಾಧೀಶರು ಎಲ್ಲಿಂದ ತರುತ್ತಾರೆ? ಇದು ಅವರ ವಾದದ ತಿರುಳು. ಅರ್ಜಿದಾರರ ಪಕ್ಷವು ತಿದ್ದುಪಡಿಯೆಂಬ ಶಬ್ದದ ಅರ್ಥವನ್ನೇ ಹಿಡಿಯಿತು. ತಿದ್ದಿದ ಮೇಲೂ ತಿದ್ದಿಸಿಕೊಂಡ ವಸ್ತು ಉಳಿದಿರಬೇಕು; ಮನೆಯ ಗೋಡೆಯನ್ನು ಒಡೆದು ಕಟ್ಟಬಹುದು, ಮನೆಯನ್ನೇ ಕೆಡವಿ ಬಯಲು ಮಾಡಿ ಅದನ್ನು ದುರಸ್ತಿಯೆನ್ನಲಾಗದು. ಸಂಸತ್ತು ಸಂವಿಧಾನದಿಂದ ಹುಟ್ಟಿದುದು. ಹುಟ್ಟಿಸಿದುದನ್ನೇ ಕೊಲ್ಲುವ ಅಧಿಕಾರ ಹುಟ್ಟಿದುದಕ್ಕೆ ಇಲ್ಲ.

ಈ ವಾದದ ಹಿಂದೆ ಜರ್ಮನಿಯ ಕಹಿ ಅನುಭವದ ನೆರಳೂ ಇತ್ತು. 1919ರ ವೈಮಾರ್ ಸಂವಿಧಾನವನ್ನು ಮೂರರಲ್ಲಿ ಎರಡು ಪಾಲಿನ ಬಹುಮತದಿಂದ ತಿದ್ದಬಹುದಾಗಿತ್ತು. 1933ರ ಮಾರ್ಚ್ ತಿಂಗಳಲ್ಲಿ ಭಯದ ವಾತಾವರಣದ ನಡುವೆ ಅಂಥ ಬಹುಮತದಿಂದಲೇ ಅಂಗೀಕೃತವಾದ ಶಾಸನವೊಂದು ಹಿಟ್ಲರನ ಸರ್ಕಾರಕ್ಕೆ ಶಾಸನ ರಚನೆಯ ಅಧಿಕಾರವನ್ನು ಒಪ್ಪಿಸಿತು. ಕಾನೂನಿನ ವೇಷದಲ್ಲಿಯೇ ಸರ್ವಾಧಿಕಾರ ಒಳನುಗ್ಗಿತು. ಆ ಪಾಠವನ್ನು ಕಲಿತ ಜರ್ಮನರು 1949ರ ತಮ್ಮ ಮೂಲವಿಧಿಯಲ್ಲಿ, ಮಾನವ ಘನತೆಯೂ ಪ್ರಜಾಸತ್ತೆಯೂ ಮುಂತಾದ ತತ್ತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟಕೂಡದೆಂದು 79ನೆಯ ಅನುಚ್ಛೇದದಲ್ಲಿ ಬರೆದಿಟ್ಟರು. ಹೈಡೆಲ್‌ಬರ್ಗಿನ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ 1965ರಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿ ಅಧಿಕಾರದ ಅಂತರ್ಗತ ಮಿತಿಗಳನ್ನು ಕುರಿತು ಉಪನ್ಯಾಸ ನೀಡಿದ್ದರು. ಅಲ್ಲಿಯ ವಿಚಾರಗಳು ಭಾರತದ ವಕೀಲರ ಮೂಲಕ ನ್ಯಾಯಾಲಯವನ್ನು ತಲುಪಿದವು.

1973ರ ಏಪ್ರಿಲ್ 24ರಂದು ತೀರ್ಪು ಹೊರಬಿದ್ದಿತು. ಹದಿಮೂರು ನ್ಯಾಯಮೂರ್ತಿಗಳಿಂದ ಹನ್ನೊಂದು ಪ್ರತ್ಯೇಕ ಅಭಿಪ್ರಾಯಗಳು. ಸಿಕ್ರಿ, ಶೆಲತ್, ಹೆಗ್ಡೆ, ಗ್ರೋವರ್, ಜಗನ್ಮೋಹನ ರೆಡ್ಡಿ, ಮುಖರ್ಜಿಯಾ ಈ ಆರು ಮಂದಿ ತಿದ್ದುಪಡಿಯ ಅಧಿಕಾರಕ್ಕೆ ಅಂತರ್ಗತ ಮಿತಿಗಳಿವೆಯೆಂದರು. ರೇ, ಪಾಲೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ, ಚಂದ್ರಚೂಡ ಈ ಆರು ಮಂದಿ ಅಂಥ ಮಿತಿಯನ್ನು ಒಪ್ಪಲಿಲ್ಲ. ನಡುವೆ ನಿಂತವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ. ಮೂಲಭೂತ ಹಕ್ಕುಗಳನ್ನು ತಿದ್ದಬಹುದು, ಗೋಲಕನಾಥ ತೀರ್ಪು ಸರಿಯಲ್ಲ. ಆದರೆ ತಿದ್ದುವ ಅಧಿಕಾರದಿಂದ ಸಂವಿಧಾನದ ಮೂಲರಚನೆಯನ್ನು ಬದಲಿಸಲಾಗದು ಎಂಬುದು ಅವರ ನಿರ್ಣಯ. ಹೀಗೆ ಏಳಕ್ಕೆ ಆರರ, ಅಂದರೆ ಒಂದೇ ಮತದ ಬಹುಮತದಿಂದ ಮೂಲರಚನೆಯ ಸಿದ್ಧಾಂತವು ಭಾರತದ ವಿಧಿಯಾಯಿತು. ಬಹುಮತದ ಸಾರಾಂಶಕ್ಕೆ ಒಂಬತ್ತು ಮಂದಿ ಸಹಿ ಹಾಕಿದರು, ನಾಲ್ವರು ಹಾಕಲಿಲ್ಲ.

ಮೂಲರಚನೆಯೆಂದರೆ ಯಾವುದು? ಅದಕ್ಕೆ ಎಲ್ಲರೂ ಒಪ್ಪಿದ ಒಂದೇ ಪಟ್ಟಿಯಿಲ್ಲ. ಸಂವಿಧಾನದ ಸರ್ವೋಚ್ಚತೆ, ಗಣತಂತ್ರಾತ್ಮಕ ಪ್ರಜಾಸತ್ತೆ, ಧರ್ಮನಿರಪೇಕ್ಷತೆ, ಅಧಿಕಾರಗಳ ವಿಭಜನೆ, ಒಕ್ಕೂಟ ಸ್ವರೂಪ, ಇವನ್ನು ಸಿಕ್ರಿಯವರು ಹೆಸರಿಸಿದರು. ದೇಶದ ಸಾರ್ವಭೌಮತೆ ಮತ್ತು ಏಕತೆ, ಪ್ರಜಾಸತ್ತಾತ್ಮಕ ಸ್ವರೂಪ, ವ್ಯಕ್ತಿಸ್ವಾತಂತ್ರ್ಯದ ಮುಖ್ಯ ಲಕ್ಷಣಗಳು, ಕಲ್ಯಾಣರಾಜ್ಯವನ್ನು ಕಟ್ಟುವ ಆದೇಶ, ಇವನ್ನು ಹೆಗ್ಡೆ ಮತ್ತು ಮುಖರ್ಜಿಯಾ ಎತ್ತಿ ತೋರಿಸಿದರು. ವ್ಯಕ್ತಿಯ ಸ್ವಾತಂತ್ರ್ಯದೊಂದಿಗೆ ದರಿದ್ರನ ಕಲ್ಯಾಣವನ್ನೂ ಅವರು ಒಂದೇ ಸಾಲಿನಲ್ಲಿ ಇರಿಸಿದುದು ಗಮನಾರ್ಹ.

ಇಷ್ಟಾಗಿ ಅರ್ಜಿದಾರರಿಗೆ ದೊರೆತುದೇನು? ಇಪ್ಪತ್ತನಾಲ್ಕನೆಯ ಹಾಗೂ ಇಪ್ಪತ್ತೊಂಬತ್ತನೆಯ ತಿದ್ದುಪಡಿಗಳು ಸಿಂಧುವೆನಿಸಿದವು. ಇಪ್ಪತ್ತೈದನೆಯದರಲ್ಲಿ ನ್ಯಾಯಾಲಯವನ್ನು ಹೊರಗಿಡುವ ಭಾಗ ಮಾತ್ರ ಬಿದ್ದುಹೋಯಿತು. ಕೇರಳದ ಭೂಸುಧಾರಣೆ ನಿಂತಿತು. ಸ್ವಾಮಿಗಳು ಕೇಳಿದ ಪರಿಹಾರ ದೊರೆಯಲಿಲ್ಲ. ಅವರು ಯಾವ ಹಕ್ಕನ್ನು ನೆಚ್ಚಿ ಹೋದರೋ ಆ ಆಸ್ತಿಯ ಹಕ್ಕೇ 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಸಾಲಿನಿಂದ ಹೊರಬಿದ್ದು, ಕೇವಲ ಸಾಂವಿಧಾನಿಕ ಹಕ್ಕಾಗಿ ಉಳಿಯಿತು. ಮಠವು ಸೋತಿತು, ಗೇಣಿದಾರನು ನೆಲವನ್ನು ಪಡೆದನು; ಮಠ ಮತ್ತು ಗೇಣಿದಾರರಿಬ್ಬರನ್ನೂ ಒಳಗೊಂಡ ಪ್ರಜಾಸಮುದಾಯಕ್ಕೆ ರಕ್ಷೆಯೊಂದು ದೊರೆಯಿತು.

ತೀರ್ಪಿತ್ತವರು ಅದಕ್ಕೆ ಬೆಲೆ ತೆರಬೇಕಾಯಿತು. ತೀರ್ಪಾದ ಎರಡು ದಿನಗಳೊಳಗೆ, ಸೇವಾಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಇತ್ತರು. ಇವರಲ್ಲಿ ಕೆ. ಎಸ್. ಹೆಗ್ಡೆಯವರು ಕಾರ್ಕಳ ತಾಲ್ಲೂಕಿನ ಕೌಡೂರಿನವರು; ಮೈಸೂರು ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ, ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಾಧೀಶರಾಗಿ ಸೇವೆ ಸಲ್ಲಿಸಿದ್ದವರು. ಅರ್ಜಿದಾರರೂ ತೀರ್ಪಿತ್ತವರಲ್ಲಿ ಒಬ್ಬರೂ ಒಂದೇ ಕರಾವಳಿಯ ಮಕ್ಕಳಾದರೂ, ಭೂಸುಧಾರಣೆಯ ತಿದ್ದುಪಡಿಯನ್ನು ಎತ್ತಿಹಿಡಿಯಲು ಹೆಗ್ಡೆಯವರು ಹಿಂಜರಿಯಲಿಲ್ಲ. 1977ರಲ್ಲಿ ಅವರು ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಅದರ ಸಭಾಧ್ಯಕ್ಷರಾದರು.

ಸಿದ್ಧಾಂತಕ್ಕೆ ಪರೀಕ್ಷೆಯೂ ಬೇಗನೆ ಒದಗಿತು. 1975ರ ಜೂನ್ 12ರಂದು ಅಲಹಾಬಾದು ಉಚ್ಚ ನ್ಯಾಯಾಲಯವು ಪ್ರಧಾನಿಯ ಚುನಾವಣೆಯನ್ನು ರದ್ದುಗೊಳಿಸಿತು; ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಿತವಾಯಿತು. ಆಗಸ್ಟ್ ತಿಂಗಳ ಮೂವತ್ತೊಂಬತ್ತನೆಯ ತಿದ್ದುಪಡಿಯು ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಯಿಂದ ಹೊರಗಿಟ್ಟಿತು. ಆ ವರ್ಷದ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು, ಬೇರೆ ಆಧಾರಗಳ ಮೇಲೆ ಆ ಚುನಾವಣೆಯನ್ನು ಎತ್ತಿಹಿಡಿದರೂ, ತಿದ್ದುಪಡಿಯ ಆ ಭಾಗವನ್ನು ಮೂಲರಚನೆಗೆ ವಿರುದ್ಧವೆಂದು ತೊಡೆದುಹಾಕಿತು. ಅದೇ ತಿಂಗಳು ಕೇಶವಾನಂದ ತೀರ್ಪನ್ನು ಪುನಃ ಪರಿಶೀಲಿಸಲು ಮುಖ್ಯ ನ್ಯಾಯಮೂರ್ತಿ ರೇ ಅವರು ಹದಿಮೂರು ಮಂದಿಯ ಪೀಠವನ್ನು ಕೂಡಿಸಿದರು. ಎರಡು ದಿನಗಳ ವಾದದ ನಂತರ ನವೆಂಬರ್ 12ರಂದು ಅದನ್ನು ಅವರೇ ವಿಸರ್ಜಿಸಿದರು. 1976ರ ನಲವತ್ತೆರಡನೆಯ ತಿದ್ದುಪಡಿಯು ಸಂಸತ್ತಿನ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದು ಬರೆದೇ ಇಟ್ಟಿತು. ಬೆಂಗಳೂರಿನ ಮಿನರ್ವ ಮಿಲ್ಲಿನ ರಾಷ್ಟ್ರೀಕರಣದಿಂದ ಹುಟ್ಟಿದ ಮೊಕದ್ದಮೆಯಲ್ಲಿ 1980ರಲ್ಲಿ ಆ ಬರೆಹವೂ ಅಸಿಂಧುವಾಯಿತು. ಪರಿಮಿತವಾದ ಅಧಿಕಾರವನ್ನು ಬಳಸಿ ಅದನ್ನೇ ಅಪರಿಮಿತ ಮಾಡಿಕೊಳ್ಳಲಾಗದೆಂದು ಬಹುಮತದ ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು. 1973ರಲ್ಲಿ ಅವರು ಎದುರು ಪಕ್ಷದಲ್ಲಿದ್ದರು.

ಆದರೆ ನ್ಯಾಯಾಲಯವು ಎಡವಲೇ ಇಲ್ಲವೆಂದು ಭಾವಿಸುವುದು ಸತ್ಯಕ್ಕೆ ಅಪಚಾರವಾದೀತು. 1976ರ ಏಪ್ರಿಲ್ 28ರಂದು ಜಬಲ್ಪುರದ ಮೊಕದ್ದಮೆಯಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಾದವನು ತನ್ನ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಬಾಗಿಲನ್ನು ತಟ್ಟಲಾಗದೆಂದು ಐವರಲ್ಲಿ ನಾಲ್ವರು ಹೇಳಿದರು. ಭಿನ್ನಮತವನ್ನು ಬರೆದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಪದವಿ ಅವರ ಕೈತಪ್ಪಿತು. ಅವರೂ ರಾಜೀನಾಮೆ ಇತ್ತರು. ಆ ತೀರ್ಪನ್ನು ನ್ಯಾಯಾಲಯವು ಸ್ಪಷ್ಟ ಮಾತಿನಲ್ಲಿ ತಳ್ಳಿಹಾಕಲು 2017 ಬರಬೇಕಾಯಿತು. ಅದು ನಡೆದುದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಬರೆದಿಟ್ಟ ಹಕ್ಕಿಗೆ ಜೀವ ಬರುವುದು ಅದನ್ನು ಕಾಯುವವರ ಧೈರ್ಯದಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮುಂದೆ ಈ ಸಿದ್ಧಾಂತದ ವ್ಯಾಪ್ತಿ ಹಿಗ್ಗಿತು. 1989ರ ಏಪ್ರಿಲ್ ತಿಂಗಳಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವು ಸದನದಲ್ಲಿ ಬಹುಮತವನ್ನು ತೋರಿಸುವ ಅವಕಾಶ ದೊರೆಯದೆಯೇ ವಜಾ ಆಯಿತು. ಅವರ ಹೆಸರಿನ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ಮಂದಿಯ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿ, ರಾಜಭವನದಲ್ಲಲ್ಲ ಎಂಬ ನಿಯಮವನ್ನು ಸ್ಥಿರಪಡಿಸಿ, ಧರ್ಮನಿರಪೇಕ್ಷತೆಯನ್ನು ಮೂಲರಚನೆಯ ಅಂಗವೆಂದು ಸಾರಿತು. ಒಂಬತ್ತನೆಯ ಅನುಸೂಚಿಗೆ 1973ರ ಏಪ್ರಿಲ್ 24ರ ನಂತರ ಸೇರಿಸಿದ ಶಾಸನಗಳೂ ಈ ಪರೀಕ್ಷೆಗೆ ಒಳಪಡುತ್ತವೆಂದು 2007ರಲ್ಲಿ ತೀರ್ಮಾನವಾಯಿತು. ನ್ಯಾಯಾಧೀಶರ ನೇಮಕದ ಆಯೋಗವನ್ನು ರಚಿಸಿದ ತೊಂಬತ್ತೊಂಬತ್ತನೆಯ ತಿದ್ದುಪಡಿಯು 2015ರಲ್ಲಿ ರದ್ದಾಯಿತು. ನೆರೆಯ ಬಾಂಗ್ಲಾದೇಶದ ಸರ್ವೋಚ್ಚ ನ್ಯಾಯಾಲಯವೂ 1989ರಲ್ಲಿ ಈ ಸಿದ್ಧಾಂತವನ್ನು ಅಂಗೀಕರಿಸಿತು.

ಆಕ್ಷೇಪಗಳು ಇಲ್ಲದಿಲ್ಲ. ಮೂಲರಚನೆಯೆಂಬ ಪದವು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಜನರಿಂದ ಆಯ್ಕೆಯಾಗದ ನ್ಯಾಯಾಧೀಶರು ಜನಪ್ರತಿನಿಧಿಗಳ ನಿರ್ಣಯವನ್ನು ತಡೆಯುವುದು ಪ್ರಜಾಸತ್ತೆಯೆ ಎಂದು ಕೇಳುವವರುಂಟು. 2015ರ ತೀರ್ಪಿನಲ್ಲಿ ನ್ಯಾಯಾಲಯವು ತನ್ನ ಅಧಿಕಾರದ ವಿಷಯದಲ್ಲಿ ತಾನೇ ನ್ಯಾಯಾಧೀಶನಾಯಿತೆಂಬ ಮಾತೂ ಕೇಳಿಬಂದಿತು. ಇವು ತೂಕವುಳ್ಳ ಪ್ರಶ್ನೆಗಳು. ಆದರೂ ಐದು ವರ್ಷಗಳಿಗೊಮ್ಮೆ ದೊರೆಯುವ ಬಹುಮತವು ಮುಂದಿನ ಚುನಾವಣೆಯನ್ನೇ ಇಲ್ಲವಾಗಿಸುವಷ್ಟು ಬಲಶಾಲಿಯಾಗಕೂಡದೆಂಬುದು ಪ್ರಜಾಸತ್ತೆಗೆ ವಿರುದ್ಧವಾದ ನಿಯಮವಲ್ಲ. ಪ್ರಜಾಸತ್ತೆ ಉಳಿಯುವುದಕ್ಕೆ ಬೇಕಾದ ನಿಯಮ. ನ್ಯಾಯಾಲಯವು ಈ ಅಸ್ತ್ರವನ್ನು ಅಪರೂಪವಾಗಿ, ಸಂಯಮದಿಂದ ಪ್ರಯೋಗಿಸಿದಷ್ಟೂ ಅದರ ಗೌರವ ಹೆಚ್ಚುತ್ತದೆ.

ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಮೊಕದ್ದಮೆಯ ನಂತರ ಮಠದ ಕಾರ್ಯಗಳಲ್ಲಿಯೇ ಮಗ್ನರಾದರು. ಸಂಗೀತ ಮತ್ತು ಯಕ್ಷಗಾನಗಳಿಗೆ ಎಡನೀರಿನಲ್ಲಿ ಆಶ್ರಯ ದೊರೆಯಿತು. 2020ರ ಸೆಪ್ಟೆಂಬರ್ 6ರಂದು, ತಮ್ಮ 79ನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ಬ್ರಹ್ಮೈಕ್ಯರಾದರು. ಅವರು ಉಳಿಸಿಕೊಳ್ಳಲೆಂದು ಹೋದ ಭೂಮಿ ಉಳುವವರ ಪಾಲಾಯಿತು. ಆದರೆ ದೇಶದ ಕಾನೂನು ಕಾಲೇಜುಗಳಲ್ಲಿ ಅವರ ಹೆಸರನ್ನು ಉಚ್ಚರಿಸದೆ ಸಂವಿಧಾನದ ಪಾಠ ಮುಗಿಯುವುದಿಲ್ಲ. ಮಠಗಳ ಸಂಪತ್ತು ಭೂಮಿಯಲ್ಲಿದೆಯೆಂದು ಭಾವಿಸುವವರೂ, ಪ್ರಜೆಗಳ ಸ್ವಾತಂತ್ರ್ಯವು ಆಳುವವರ ಔದಾರ್ಯದಲ್ಲಿದೆಯೆಂದು ಭಾವಿಸುವವರೂ ಈ ಇತಿಹಾಸವನ್ನು ಒಮ್ಮೆ ಮನನ ಮಾಡುವುದು ಒಳಿತು.